ಝಕ್ಕಾಯ್ ರೊಟ್ಟಿ ಬಿಟ್ಟ ಹಬ್ಬ

ಜೆರುಸಲೇಮಿನ ಕತಮೋನ್ ಇಳಿಜಾರಿನಲ್ಲಿ ಗಾರೆ ಕೆಲಸದ ಝಕ್ಕಾಯ್ ಎಂದರೆ ತಿಳಿಯದವರಿರಲಿಲ್ಲ. ಆ ಕಡೆಯ ಅರ್ಧಕ್ಕರ್ಧ ಮನೆಗಳ ಸೂರಿಗೆ ಒಳಗಿನಿಂದ ಗಾರೆ ಬಳಿದವನು ಅವನೇ. ಕತ್ತು ಮೇಲೆತ್ತಿ ದುಡಿದೂ ದುಡಿದೂ ಮುದುಕನಾದ ಮೇಲೂ ಅವನ ತಲೆ ತುಸು ಹಿಂದಕ್ಕೇ ವಾಲಿರುತ್ತಿತ್ತು. ಗೊತ್ತಿಲ್ಲದವರು ನೋಡಿದರೆ, ಈ ಕುಳ್ಳನಿಗೆ ಅದೆಷ್ಟು ಜಂಬ ಅಂದುಕೊಳ್ಳಬೇಕು. ಜಂಬ ಇದ್ದದ್ದೂ ನಿಜವೇ, ಆದರೆ ಒಂದೇ ವಿಷಯಕ್ಕೆ. ಅವನು ಬಳಿದ ಸೂರಿನಲ್ಲಿ ಕೂದಲೆಳೆಯಷ್ಟು ಬಿರುಕನ್ನು ಯಾರೂ ತೋರಿಸಿರಲಿಲ್ಲ.

ಹೀಗೆ ವರ್ಷವಿಡೀ ಸಂದು ಮುಚ್ಚುವ ಮನುಷ್ಯ, ವರ್ಷಕ್ಕೊಂದು ವಾರ ಬೇಕೆಂದೇ ಸಂದು ಬಿಡುವ ಕೆಲಸಕ್ಕೆ ಕೂರುತ್ತಿದ್ದ. ಚಪ್ಪರದ ಹಬ್ಬ ಬಂದರೆ ಯೆಹೂದ್ಯರಾದವರು ಗಟ್ಟಿ ಮನೆ ಬಿಟ್ಟು ಎಲೆಯ ಚಪ್ಪರದಡಿ ಊಟ ಮಾಡಬೇಕು. ಸುತ್ತಲ ಗೋಡೆ ಹಲಗೆಯದಾದರೂ ಸರಿ, ಹಳೇ ಜಮಖಾನದ್ದಾದರೂ ಸರಿ. ತಲೆಯ ಮೇಲೆ ಮಾತ್ರ ನೆಲದಲ್ಲಿ ಬೆಳೆದು ಕೊಯ್ದ ಸೊಪ್ಪು, ಗರಿಯೇ ಆಗಬೇಕು. ಅದೂ ಹೇಗೆ? ಹಗಲು ನೆರಳು ಬೀಳಬೇಕು, ರಾತ್ರಿ ಸಂದಿನಲ್ಲಿ ನಕ್ಷತ್ರ ಕಾಣಬೇಕು. ಗರಿಗೂ ಆಕಾಶಕ್ಕೂ ನಡುವೆ ಬೇರೆ ಸೂರು ಕೂಡದು, ನಿಂತ ಮರದ ಕೊಂಬೆಯೂ ಕೂಡದು. ಝಕ್ಕಾಯ್ ಖರ್ಜೂರದ ಗರಿಗಳನ್ನು ಒಂದೊಂದಾಗಿ ಹಾಸಿ, ಕೆಳಗಿಳಿದು ನೋಡಿ, ಮತ್ತೆ ಹತ್ತಿ ಒಂದು ಗರಿಯನ್ನು ಬೆರಳಿನಷ್ಟು ಸರಿಸಿ ಬರುತ್ತಿದ್ದ. ಗಾರೆಯವನ ಬುದ್ಧಿ ಎಲ್ಲಿ ಹೋಗುತ್ತೆ ಎಂದು ಹೆಂಡತಿ ಹಾತೂನ್ ನಗುತ್ತಿದ್ದಳು.

ಈ ಹಾತೂನ್ ನಾಲಿಗೆ ಚುರುಕಿನ ಹೆಂಗಸು. ಇಬ್ಬರೂ ಕುರ್ದಿಗಳ ಬೆಟ್ಟದೂರು ಝಾಖೋದಲ್ಲಿ ಹುಟ್ಟಿದವರು. ಅಲ್ಲಿನ ಯೆಹೂದ್ಯರೆಲ್ಲ ಎದ್ದು ಈ ದೇಶಕ್ಕೆ ಬಂದಾಗ ಮೊದಲು ಇಳಿದದ್ದು ಗುಡಾರಗಳ ಶಿಬಿರದಲ್ಲಿ. ಅಲ್ಲೇ ಅವರ ಮದುವೆಯಾಯಿತು. ಮೊದಲ ಚಪ್ಪರದ ಹಬ್ಬಕ್ಕೆ ಝಕ್ಕಾಯ್ ಎಲ್ಲಿಂದಲೋ ನಾಲ್ಕು ಕೋಲು, ಒಂದು ಹೊರೆ ನೀಲಗಿರಿ ಸೊಪ್ಪು ತಂದು ಗುಡಾರದ ಪಕ್ಕದಲ್ಲಿ ಚಪ್ಪರ ಹಾಕತೊಡಗಿದ. ಹೊಸ ಮದುವಣಗಿತ್ತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಬೇರೆಯವ್ರು ಮನೆ ಬಿಟ್ಟು ಚಪ್ಪರಕ್ಕೆ ಹೋಗ್ತಾರೆ. ನಾವು ವರ್ಷವೆಲ್ಲ ಬಟ್ಟೆ ಅಡೀಲೇ ಬಿದ್ದಿದೀವಿ. ಈ ಒಂದು ವಾರ ನಾವು ಮನೇಗೆ ಹೋಗೋಣ, ಎಲ್ಲಿದೆ ತೋರ್ಸು."

ಹೇಳಿದಳೇ ಹೊರತು ತನ್ನ ಮದುವೆಯ ಮುಸುಕಿನ ಬಟ್ಟೆಯನ್ನೇ ಬಿಚ್ಚಿ ಒಂದು ಗೋಡೆಯ ಕಡೆಗೆ ಕಟ್ಟಿದಳು. ಆ ರಾತ್ರಿ ಸೊಪ್ಪಿನ ಸಂದಿನಿಂದ ಕಂಡ ನಕ್ಷತ್ರಗಳು ಝಾಖೋದವೇ ಎಂದು ಝಕ್ಕಾಯ್‌ಗೆ ಅನ್ನಿಸಿತ್ತು. ನಮ್ಮ ಪೂರ್ವಿಕರು ಮರಳುಗಾಡಿನಲ್ಲಿ ನಲವತ್ತು ವರ್ಷ ಚಪ್ಪರದಲ್ಲೇ ಕಳೆದರು, ಅವರನ್ನು ಕಾದದ್ದು ಗೋಡೆಯಲ್ಲ ಎಂದು ಅವನ ಅಪ್ಪ ಹೇಳುತ್ತಿದ್ದ. ಆ ಮಾತು ತಲೆಗೆ ಹೋದದ್ದು ಅವತ್ತು. ಅಲ್ಲಿಂದ ಮುಂದೆ ಪ್ರತಿ ವರ್ಷ ಹಬ್ಬದ ಮೊದಲ ರಾತ್ರಿ ಗಂಡ ಹೆಂಡತಿ ಒಂದೇ ಚಪ್ಪರದಡಿ ಉಂಡರು. ಹೆಣ್ಣುಮಕ್ಕಳು ಹುಟ್ಟಿ, ಮದುವೆಯಾಗಿ, ಮೊದಲ ರಾತ್ರಿಗೆ ಅತ್ತೆಮನೆ, ಹಬ್ಬದ ಕೊನೆಗೆ ತವರು ಎಂದು ಹಂಚಿಕೊಂಡ ಮೇಲೂ ಆ ಕ್ರಮ ತಪ್ಪಲಿಲ್ಲ. ಹೆಂಗಸರಿಗೆ ಈ ವಿಧಿ ಕಡ್ಡಾಯವಲ್ಲ ಎಂದು ಶಾಸ್ತ್ರವಿದೆ. ಅದನ್ನು ಹಾತೂನ್ ಎದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕತಮೋನಿನ ಅವರ ಕಟ್ಟಡ ಉದ್ದಕ್ಕೆ ಎರಡೇ ಅಂತಸ್ತಿನದು. ಇವರದು ಕೆಳಮನೆ. ಬಾಗಿಲ ಮುಂದೆ ಹಾಸಿಗೆ ಹಾಸುವಷ್ಟು ಅಂಗಳ, ಅದರ ಆಚೆಗೆ ಹಳೆಯ ಪೈನ್ ಮರ, ಮರದಾಚೆ ಬೀದಿಗಿಳಿಯುವ ಕಲ್ಲು ಮೆಟ್ಟಿಲು. ಹಿಂದಿನ ಚಳಿಗಾಲದಲ್ಲಿ ಹಾತೂನ್ ಸಂತೆಬೀದಿಯ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಆದರೆ ಎಡಗಾಲು ಮೆಟ್ಟಿಲಿಗೆ ಏಳುವುದನ್ನು ಮರೆತೇಬಿಟ್ಟಿತು. ಊರುಗೋಲು ಹಿಡಿದು ಅಂಗಳದವರೆಗೆ ಬರುವಳು, ಅಲ್ಲಿಗೆ ಅವಳ ಲೋಕ ಮುಗಿಯಿತು. ಅಂಗಳದ ಚಪ್ಪರವೊಂದು ಉಳಿದಿತ್ತಲ್ಲ, ಅದೇ ಸಮಾಧಾನ.

ಮೇಲ್ಮನೆಯಲ್ಲಿ ಬಸ್ ಓಡಿಸುವ ಮೆನಾಶೆ, ಅವನ ಹೆಂಡತಿ ಓರ್ನಾ, ಒಂದರ ಹಿಂದೊಂದು ಹುಟ್ಟಿದ ಮಕ್ಕಳು. ಆ ಬೇಸಿಗೆಯಲ್ಲಿ ಮೆನಾಶೆ ಬಾಲ್ಕನಿಯನ್ನು ಹೊರಕ್ಕೆ ಚಾಚಿಸುತ್ತೇನೆ, ನಮಗೂ ನಮ್ಮದೇ ಚಪ್ಪರ ಆಗುತ್ತದೆ, ನಿಮ್ಮ ಒಪ್ಪಿಗೆ ಬೇಕು ಎಂದು ಕೇಳಿಕೊಂಡು ಬಂದ. ಮಕ್ಕಳೊಂದಿಗನ ಮನೆಗೆ ಚಪ್ಪರಕ್ಕೆ ಜಾಗವಿಲ್ಲವೆಂದರೆ ಹೇಗೆ? ಝಕ್ಕಾಯ್ ಕೇಳಿದ್ದೇ ತಡ ಒಪ್ಪಿದ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಕಾಂಕ್ರೀಟು ಒಣಗಿದ ಮೇಲೆ ಅದರ ಅಡಿಭಾಗಕ್ಕೆ ಗಾರೆ ಬಳಿಯಲು ಯಾರೋ ಹುಡುಗನನ್ನು ಕರೆಸಿದ್ದನ್ನು ಕಂಡು, ನನ್ನ ತಲೆಯ ಮೇಲಿನ ಗಾರೆಯನ್ನು ಇನ್ನೊಬ್ಬ ಬಳಿಯುವುದುಂಟೇ ಎಂದು ಸಿಟ್ಟಾಗಿ, ಪೆಟ್ಟಿಗೆಯಿಂದ ಕರಣೆ ತೆಗೆದು ತಾನೇ ಸಾರುವೆ ಹತ್ತಿದ. ನಿವೃತ್ತಿಯಾದ ಮೇಲೆ ಅದೇ ಮೊದಲ ಕೆಲಸ. ಬಳಿದು ಮುಗಿಸಿ ಕೆಳಗಿಳಿದವನ ಮುಖ ನೋಡಬೇಕಿತ್ತು, ಹದಿನೆಂಟರ ಹುಡುಗನ ಹಾಗಿತ್ತು. ಅಷ್ಟು ನುಣುಪಾದ ಗಾರೆ ಇಡೀ ಬೀದಿಯಲ್ಲಿರಲಿಲ್ಲ ಎಂದು ನೋಡಿದವರೆಲ್ಲ ಹೇಳಿದರು, ಅವನೂ ಹೇಳಿಕೊಂಡ.

ಚಪ್ಪರದ ಹಬ್ಬಕ್ಕೆ ನಾಲ್ಕೈದು ದಿನ ಮೊದಲು ಬರುವ ಯೋಮ್ ಕಿಪ್ಪುರ್ ಉಪವಾಸ ಮುಗಿದ ಸಂಜೆ, ಬಾಯಿಗೊಂದು ತುತ್ತು ಹಾಕಿಕೊಂಡ ಕೂಡಲೇ ಚಪ್ಪರದ ಮೊದಲ ಕಂಬ ನಿಲ್ಲಿಸುವುದು ನೇಮ. ಸುತ್ತಮುತ್ತಲಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಝಕ್ಕಾಯ್ ಕಂಬ ಹೊತ್ತು ಅಂಗಳಕ್ಕೆ ಬಂದ. ನೆಟ್ಟಗೆ ನಿಂತಿದೆಯೇ ಎಂದು ತಲೆಯೆತ್ತಿ ನೋಡಿದ. ಮೇಲೆ ಆಕಾಶವಿರಲಿಲ್ಲ. ಅವನು ಬಳಿದ ಗಾರೆ, ಅಂಗಳದ ಆ ತುದಿಯಿಂದ ಈ ತುದಿಯವರೆಗೆ, ಒಂದು ಸಂದೂ ಇಲ್ಲದೆ ಬೆಳ್ಳಗೆ ಹರಡಿತ್ತು.

ಅವನು ಕಂಬವನ್ನು ಗೋಡೆಗೊರಗಿಸಿ ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. ಹಾತೂನ್ ಅವನ ಮುಖವನ್ನೂ ಕೈಯಲ್ಲೇ ಉಳಿದ ಸುತ್ತಿಗೆಯನ್ನೂ ನೋಡಿದಳು.

"ಈಗ ಗೊತ್ತಾಯ್ತಾ?" ಎಂದಳು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಅಂಗಳದಲ್ಲಿ ಒಣಗ್ಹಾಕಿದ ಮೆಣಸಿನಕಾಯಿ ಬೂಸ್ಲು ಹಿಡೀತು. ಬಿಸ್ಲು ಇಲ್ಲ ಅಂತ ಅವತ್ತೇ ಗೊತ್ತಾಯ್ತು."

"ಹೇಳ್ಬಾರ್ದಿತ್ತಾ?"

"ಮೇಲ್ ನಿಂತು ಹಾಡು ಹೇಳ್ಕೊಂಡು ಬಳೀತಿದ್ದೋನು ನೀನು. ಕೆಲಸದೋನಿಗೆ ಗೊತ್ತಿರುತ್ತೆ, ಬೇರೆ ಏನೋ ಯೋಚ್ನೆ ಮಾಡಿರ್ತಾನೆ ಅಂದ್ಕೊಂಡೆ. ಸೂರು ಅಂತ ಒಂದು ಸಿಕ್ರೆ ಸಾಕು ನಿಂಗೆ, ಯಾರ ತಲೆ ಮೇಲೆ ಅಂತ ನೋಡಲ್ಲ."

ಸುದ್ದಿ ಬೆಳಗಾಗುವುದರೊಳಗೆ ಕಟ್ಟಡಕ್ಕೆಲ್ಲ ಹರಡಿತು. ತಲೆಗೊಂದು ಸಲಹೆ ಬಂತು. ಪೈನ್ ಮರದಡಿ ಕಟ್ಟಿ ಎಂದೊಬ್ಬರು. ಮರದ ಕೊಂಬೆ ಅಡ್ಡವಾಗುತ್ತದೆ, ಅದೂ ಸಲ್ಲದು. ಬೀದಿಯಲ್ಲಿ ಕಟ್ಟಿ ಎಂದು ಇನ್ನೊಬ್ಬರು. ಅಲ್ಲಿಗೆ ಇಳಿಯುವುದು ಯಾರು? ಮೆನಾಶೆಯಂತೂ ಮುಖ ಬಾಡಿಸಿಕೊಂಡು ಬಂದು, ಬಾಲ್ಕನಿಯನ್ನು ಒಡೆಸಿಬಿಡುತ್ತೇನೆ ಮಾವ ಎಂದ. ಅವನು ಹೇಳಿದರೆ ಮಾಡುವವನೇ. ನಾನು ಬಳಿದದ್ದನ್ನು ಮುಟ್ಟಿದರೆ ನೋಡು ಎಂದು ಝಕ್ಕಾಯ್ ಗದರಿ ಕಳಿಸಿದ. ಹಾಗಾದರೆ ನಮ್ಮ ಚಪ್ಪರಕ್ಕೇ ಬನ್ನಿ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ನಾನೂ ನನ್ನ ತಮ್ಮನೂ ಹೊತ್ತುಕೊಂಡು ಹತ್ತುತ್ತೇವೆ ಎಂದು ಅವನು ಮತ್ತೆ ಬಂದ. ಇದಕ್ಕೆ ಉತ್ತರ ಹಾತೂನಳಿಂದಲೇ ಬಂತು.

"ಹೊತ್ಕೊಂಡು ಹೋಗೋದು ಮದುಮಗಳನ್ನ, ಇಲ್ಲಾ ಹೆಣಾನ. ಒಂದು ಆಗಿಹೋಯ್ತು. ಇನ್ನೊಂದಕ್ಕೆ ನಂಗೇನೂ ಆತುರ ಇಲ್ಲಪ್ಪ."

ನಗುನಗುತ್ತಲೇ ಹೇಳಿದಳು. ಆದರೆ ಬಿದ್ದ ದಿನ ಸಂತೆಯ ಜನರೆದುರು ನಾಲ್ವರು ತನ್ನನ್ನು ಗೋಣಿಚೀಲದ ಹಾಗೆ ಎತ್ತಿದ್ದನ್ನು ಅವಳು ಮರೆತಿರಲಿಲ್ಲ. ಅದು ಝಕ್ಕಾಯ್‌ಗೂ ಗೊತ್ತಿತ್ತು, ಆದ್ದರಿಂದ ಬಲವಂತ ಮಾಡಲಿಲ್ಲ.

ಅವನು ಪ್ರಾರ್ಥನಾಮಂದಿರದ ಹಿರಿಯ ಪಂಡಿತರ ಹತ್ತಿರ ಹೋದ. ಹಾಖಾಮ್ ಶಬ್ತಾಯ್ ಎಂದು ಅವರ ಹೆಸರು. ಬಾಲ್ಕನಿಯಡಿಯ ಚಪ್ಪರ ಚಪ್ಪರವಲ್ಲ, ಅದರಲ್ಲಿ ಕೂತು ಮಂತ್ರ ಹೇಳಿದರೆ ದೇವರ ಹೆಸರನ್ನು ಸುಮ್ಮನೆ ಎತ್ತಿದಂತೆ ಎಂದು ಅವರು ಮೊದಲೇ ಹೇಳಿಬಿಟ್ಟರು. ಆಮೇಲೆ ಮುದುಕನ ಮುಖ ನೋಡಿ ದನಿ ಇಳಿಸಿದರು. ಮನೆಯಲ್ಲಿ ಹೇಗಿರುತ್ತೀರೋ ಹಾಗೆ ಚಪ್ಪರದಲ್ಲಿರಿ ಎಂದು ಹಿರಿಯರ ಮಾತಿದೆ, ಹೆಂಡತಿಯಿಲ್ಲದ ಕಡೆ ನಿನಗೆ ಮನಸ್ಸಿಗೆ ಕಷ್ಟವಾದರೆ, ಮೊದಲ ರಾತ್ರಿ ಮೇಲೆ ಹೋಗಿ ಒಂದು ತುಂಡು ರೊಟ್ಟಿ ತಿಂದು ಬಾ, ಉಳಿದ ದಿನ ಮನೆಯಲ್ಲೇ ಅವಳ ಜೊತೆ ಉಣ್ಣು, ಕಷ್ಟಪಡುವವನಿಗೆ ಮಾಫಿ ಇದೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು. ಝಕ್ಕಾಯ್‌ಗೆ ಮಾತ್ರ ಕೆಲಸದಿಂದ ತೆಗೆದುಹಾಕಿದ ಹಾಗಾಯಿತು.

"ಮಾಫಿ ಅಂದ್ರೆ ಏನು ಹಾಖಾಮ್? ಹಬ್ಬಕ್ಕೆ ನಾನು ಬೇಡ ಅಂತಲಾ?" ಎಂದು ಕೇಳಿದ. ಹಾಖಾಮರು ಅವನ ಭುಜದ ಮೇಲೆ ಕೈಯಿಟ್ಟರು, ಅಷ್ಟೇ.

ಮಂದಿರದಿಂದ ಮನೆಗೆ ಬರುವ ದಾರಿಯಲ್ಲೇ ಅವನು ತನ್ನಷ್ಟಕ್ಕೆ ಒಂದು ಲೆಕ್ಕಾಚಾರ ಮಾಡಿಕೊಂಡ. ಯಾರಿಗೂ ಹೇಳಲಿಲ್ಲ. ಚಪ್ಪರದ ಹೊರಗೆ ತಿನ್ನಬಾರದ್ದು ರೊಟ್ಟಿ, ಮತ್ತೆ ಅದರ ಜಾತಿಗೆ ಸೇರಿದ ಗೋಧಿಯ ತಿನಿಸು. ಅನ್ನ, ಹಣ್ಣು, ತರಕಾರಿ, ಮಾಂಸ ಎಲ್ಲಿ ಬೇಕಾದರೂ ತಿನ್ನಬಹುದು. ಅಂದಮೇಲೆ ಹೆಂಡತಿಯನ್ನು ಬಿಡಬೇಕಿಲ್ಲ, ಹಬ್ಬವನ್ನೂ ಬಿಡಬೇಕಿಲ್ಲ. ರೊಟ್ಟಿ ಬಿಟ್ಟರಾಯಿತು.

ಕೇಳುವವರಿಗೆ ಇದು ಸಣ್ಣ ಮಾತು. ಆದರೆ ಕುರ್ದಿ ಗಾರೆಯವನ ಹೊಟ್ಟೆ ಗೊತ್ತಿದ್ದವರಿಗೆ ಅಲ್ಲ. ಇಡೀ ಕುರಿ ತಿನ್ನಿಸಿದರೂ ರೊಟ್ಟಿ ಮುರಿಯದಿದ್ದರೆ ಅವನಿಗೆ ಅದು ಊಟವಲ್ಲ, ಬಾಯಾಡಿಸುವುದು.

ಹಬ್ಬದ ಮೊದಲ ರಾತ್ರಿ ಝಕ್ಕಾಯ್ ಬಿಳಿ ಅಂಗಿ ತೊಟ್ಟು ಮೇಲೆ ಹೋದ. ಓರ್ನಾಳ ಮಕ್ಕಳು ಬಣ್ಣದ ಕಾಗದದ ಸರ, ದಾಳಿಂಬೆ ಎಲ್ಲ ತೂಗುಬಿಟ್ಟಿದ್ದರು. ಅವನು ಮಂತ್ರ ಹೇಳಿದ, ಒಂದು ತುಂಡು ರೊಟ್ಟಿ ಅಗಿದು ನುಂಗಿದ, ಸಾರು ಬರುವ ಮೊದಲೇ ಎದ್ದ. ಓರ್ನಾ ಬೇಡಿಕೊಂಡರೂ ನಿಲ್ಲಲಿಲ್ಲ. ಕೆಳಗೆ ಹಾತೂನ್ ಅಡುಗೆಮನೆಯ ಮೇಜಿಗೆ ಹಬ್ಬದ ಬಟ್ಟೆ ಹಾಸಿಕೊಂಡು ಒಬ್ಬಳೇ ಕೂತಿದ್ದಳು. ಊಟ ಆಯಿತೇ ಎಂದು ಕೇಳಿದಳು. ರೊಟ್ಟಿ ಮೇಲೆ ಆಯಿತು, ಇನ್ನು ನಿನ್ನ ಜೊತೆ ಎಂದ. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನವನ್ನು ಇಬ್ಬರೂ ತಿಂದರು. ಅವಳು ಎರಡು ಸಲ ಮೇಲಿನ ಸೂರು ನೋಡಿದಳು. ಅದನ್ನೂ ಅವನೇ ಬಳಿದಿದ್ದ.

ಮರುದಿನ ಹಬ್ಬದೂಟಕ್ಕೂ ಹೀಗೇ ಹೋಗಿ ಬಂದ. ಆಮೇಲಿನ ಸಾದಾ ದಿನಗಳಲ್ಲಿ ಮೇಲೆ ಹೋಗುವುದನ್ನೇ ಬಿಟ್ಟ. ಬೆಳಗಿನ ಪ್ರಾರ್ಥನೆಯಾದ ಮೇಲೆ ಮಂದಿರದ ಚಪ್ಪರದಲ್ಲಿ ಎಲ್ಲರ ಜೊತೆ ರೊಟ್ಟಿ ತಿಂದು ಬಂದೆ ಎಂದು ಹೆಂಡತಿಗೆ ಹೇಳುತ್ತಿದ್ದ. ಅವಳು ನಂಬಿದಳು. ಆದರೆ ಕುಬ್ಬೆ ಮಾಡಿದ ದಿನ ಅವಳಿಗೆ ಅನುಮಾನ ಬಂತು. ರವೆಯ ಉಂಡೆಯೊಳಗೆ ಮಾಂಸ ತುಂಬಿ ಹುಳಿಸಾರಿನಲ್ಲಿ ಬೇಯಿಸಿದ್ದಳು. ಅದಕ್ಕಾಗಿ ಈ ಮನುಷ್ಯ ಜ್ವರದಲ್ಲೂ ಎದ್ದು ಕೂತದ್ದುಂಟು. ಅವತ್ತು ಹೊಟ್ಟೆ ಸರಿಯಿಲ್ಲ ಎಂದು ಬರೀ ಸಾರು ಬಡಿಸಿಕೊಂಡ. ಅವಳು ಅವನ ಪ್ಯಾಂಟಿನ ಬೆಲ್ಟಿನ ಕಡೆ ಒಮ್ಮೆ ನೋಡಿದಳು.

ಮಾರನೆಯ ಮಧ್ಯಾಹ್ನ ಝಕ್ಕಾಯ್ ಒಳಗೆ ಮಲಗಿದ್ದಾಗ ಓರ್ನಾ ಬಿಸಿ ರೊಟ್ಟಿ ತಟ್ಟೆ ಹಿಡಿದು ಕೆಳಗಿಳಿದು ಬಂದಳು. ಮಾವನಿಗೆ ನಮ್ಮ ಮೇಲೆ ಕೋಪವೇ ಎಂದು ಕೇಳಿದಳು. ಮೊದಲ ಎರಡು ಊಟಕ್ಕೆ ಒಂದೊಂದು ತುಂಡು ರೊಟ್ಟಿ ತಿಂದು ಓಡಿದವರು ಆಮೇಲೆ ಮುಖ ಹಾಕಲಿಲ್ಲ ಎಂದಳು. ಮಂದಿರದಲ್ಲಿ ತಿನ್ನುತ್ತಾರಲ್ಲ ಎಂದು ಹಾತೂನ್ ಹೇಳಿದಳು.

"ಎಲ್ಲಿ ತಿಂತಾರೆ ಅತ್ತೆ? ಮೆನಾಶೆ ದಿನಾ ಅವರ ಪಕ್ಕದಲ್ಲೇ ಕೂತಿರ್ತಾನೆ. ಎಲ್ರೂ ರೊಟ್ಟಿ ಮುರೀತಾ ಇದ್ರೆ ಇವ್ರು ಒಂದು ಅಂಜೂರ ಬಾಯಿಗ್ಹಾಕ್ಕೊಂಡು ಎದ್ದು ಬರ್ತಾರಂತೆ. ಕೇಳಿದ್ರೆ, ಹಾತೂನ್ ಕಾಯ್ತಿರ್ತಾಳೆ, ಅವಳಿಲ್ದೆ ರೊಟ್ಟಿ ಇಳಿಯಲ್ಲ ಅಂದ್ರಂತೆ."

ಹಾತೂನಳೂ ನೇಮದ ಮನೆಯ ಮಗಳು, ಯಾವುದನ್ನು ಎಲ್ಲಿ ತಿನ್ನಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅನ್ನ, ಸೊಪ್ಪು, ಕೋಳಿ, ಬರೀ ಸಾರು ಎಲ್ಲ ಒಂದೊಂದಾಗಿ ಅರ್ಥವಾಯಿತು. ಅವಳಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಕಣ್ಣು ತುಂಬಿತು, ಅದಕ್ಕೆ ಮತ್ತೂ ಸಿಟ್ಟು ಬಂತು. ಓರ್ನಾಳ ಕೈಯಿಂದ ರೊಟ್ಟಿ ತೆಗೆದುಕೊಂಡು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಜೋಳಿಗೆಯ ಹಾಗೆ ಹಾಕಿಕೊಂಡಳು.

"ಹೋಗು, ಎಲ್ರ ಮನೆ ಬಾಗ್ಲೂ ಹಾಕ್ಸು. ಯಾವಳಾದ್ರೂ ಇಣುಕಿ ನೋಡಿದ್ರೆ ಗ್ರಹಚಾರ ಬಿಡಿಸ್ತೀನಿ ಅಂತ ಹೇಳು" ಎಂದಳು.

ಊರುಗೋಲಿನ ಸದ್ದಿಗೆ ಎಚ್ಚರವಾಗಿ ಝಕ್ಕಾಯ್ ಹೊರಗೆ ಬಂದಾಗ ಹಾತೂನ್ ಮಹಡಿ ಮೆಟ್ಟಿಲಿನ ಕೆಳಗಿನ ಕಲ್ಲಿನ ಮೇಲೆ, ಮೆಟ್ಟಿಲಿಗೆ ಬೆನ್ನು ಹಾಕಿ ಕೂತಿದ್ದಳು. ಎರಡೂ ಕೈಯನ್ನು ಹಿಂದಿನ ಮೆಟ್ಟಿಲಿಗೆ ಊರಿ, ಬಲಗಾಲು ಒತ್ತಿ, ಅವನ ಕಣ್ಣೆದುರೇ ಒಂದು ಮೆಟ್ಟಿಲು ಮೇಲಕ್ಕೆ ಜರುಗಿದಳು. ಅವನು ಓಡಿ ಹೋಗಿ ಕೈ ಚಾಚಿದ.

"ಮುಟ್ಟಬೇಡ" ಎಂದಳು. "ಕೆಳಗಿನ ಮೆಟ್ಲಲ್ಲಿ ನಿಂತ್ಕೋ. ಬಿದ್ರೆ ನಿನ್ ಮೇಲೇ ಬೀಳ್ತೀನಿ."

ಅವಳು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಏರಿದಳು, ಅವನು ಅವಳಿಗೆ ಎದುರಾಗಿ ಒಂದೊಂದೇ ಮೆಟ್ಟಿಲು ಹತ್ತಿದ. ಮದುವೆಯಾದಂದಿನಿಂದ ಅಷ್ಟು ಹೊತ್ತು ಅವರು ಒಬ್ಬರ ಮುಖ ಒಬ್ಬರು ನೋಡುತ್ತ ಕಳೆದದ್ದು ಇರಲಿಲ್ಲವೇನೋ. ಮೆಟ್ಟಿಲೇರಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ, ಬೈಗುಳಕ್ಕೆ ಮಾತ್ರ ಉಸಿರು ಸಾಲುತ್ತಿತ್ತು. ಸುಳ್ಳ, ಕಳ್ಳ, ಹೊಟ್ಟೆ ಸರಿಯಿಲ್ಲವಂತೆ ಹೊಟ್ಟೆ, ಬೆಲ್ಟಿಗೆ ಹೊಸ ತೂತು ಹಾಕಿದ್ದು ನನಗೆ ಕಾಣಲಿಲ್ಲ ಅಂದುಕೊಂಡೆಯಾ ಎಂದು ಒಂದೇ ಸಮನೆ ನಡೆದಿತ್ತು. ನಡುವಿನ ಕಟ್ಟೆಯ ಹತ್ತಿರ ಅವಳ ಎಡಗಾಲಿಗೆ ಸೆಳೆತ ಹಿಡಿಯಿತು. ಕಣ್ಣು ಮುಚ್ಚಿ ತುಟಿ ಕಚ್ಚಿ ಕೂತಳು. ಸಾಕು ಹಾತೂನ್, ಇಳಿಯೋಣ, ದೇವರು ಮಾಫಿ ಕೊಟ್ಟಿದ್ದಾನೆ ಎಂದು ಅವನು ಅಳುವ ದನಿಯಲ್ಲಿ ಹೇಳಿದ.

"ದೇವ್ರು ಕೊಟ್ಟಿರ್ಬಹುದು. ನಾನು ಕೊಟ್ಟಿಲ್ಲ" ಎಂದು ಅವಳು ಮತ್ತೆ ಕೈಯೂರಿದಳು.

ಬಾಗಿಲುಗಳೆಲ್ಲ ಹಾಕಿದ್ದವು, ನಿಜ. ಆದರೆ ಎಲ್ಲ ಬಾಗಿಲ ಹಿಂದೆಯೂ ಜನ ಉಸಿರು ಹಿಡಿದು ನಿಂತಿದ್ದರು. ಅವಳು ಕೊನೆಯ ಮೆಟ್ಟಿಲು ಮುಟ್ಟಿ, ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಾಗ ಯಾವುದೋ ಮನೆಯೊಳಗಿಂದ ಮದುವೆಯಲ್ಲಿ ಹಾಕುವಂಥ, ಹೆಂಗಸೊಬ್ಬಳ ಸಂತೋಷದ ಉಲುಲು ಕೂಗು ಕೇಳಿಸಿತು. ಯಾರದೆಂದು ವಿಚಾರಿಸಿ ಬೈಯುವಷ್ಟು ಶಕ್ತಿ ಹಾತೂನಳಲ್ಲಿ ಉಳಿದಿರಲಿಲ್ಲ.

ಚಪ್ಪರದೊಳಗೆ ಕುರ್ಚಿಯಲ್ಲಿ ಕೂತು ಅವಳು ತಲೆಯೆತ್ತಿದಳು. ಗರಿಗಳ ನಡುವೆ ಮಧ್ಯಾಹ್ನದ ಆಕಾಶ ತುಂಡು ತುಂಡಾಗಿ ಕಾಣುತ್ತಿತ್ತು, ಬಿಸಿಲು ಅವಳ ಮುಖದ ಮೇಲೆ ಬಿದ್ದಿತ್ತು. ಓರ್ನಾ ನೀರು ತಂದಳು, ಇಬ್ಬರೂ ಕೈ ತೊಳೆದರು. ಹಾತೂನ್ ಗಂಟು ಬಿಚ್ಚಿ ರೊಟ್ಟಿಯನ್ನು ಗಂಡನ ಮುಂದಿಟ್ಟಳು. ಝಕ್ಕಾಯ್ ರೊಟ್ಟಿಯ ಮಂತ್ರ ಹೇಳಿದ. ಚಪ್ಪರದಲ್ಲಿ ಕೂರುವಂತೆ ನಮಗೆ ಆಜ್ಞೆಯಿತ್ತವನೇ ಎಂಬ ಮಂತ್ರಕ್ಕೆ ಬಂದಾಗ ನಡುವೆಯೇ ನಿಂತುಬಿಟ್ಟ. ಹಾತೂನ್ ಕಾದಳು, ಅವಸರ ಮಾಡಲಿಲ್ಲ. ಅವನು ಮುಗಿಸಿದ ಮೇಲೆ ಗಟ್ಟಿಯಾಗಿ ಆಮೆನ್ ಅಂದಳು.

ಆಮೇಲೆ ಅವನು ತಿಂದದ್ದನ್ನು ಓರ್ನಾ ಇಂದಿಗೂ ಹೇಳಿ ನಗುತ್ತಾಳೆ. ತಟ್ಟೆಯಲ್ಲಿದ್ದದ್ದು ಮುಗಿಯಿತು, ಮಕ್ಕಳಿಗಿಟ್ಟದ್ದೂ ಮುಗಿಯಿತು, ಅವಳು ಮತ್ತೆ ಒಲೆ ಹಚ್ಚಬೇಕಾಯಿತು. ಸಂಜೆಯಾಗುತ್ತಿದ್ದಂತೆ ಮೆನಾಶೆ ಕೆಲಸದಿಂದ ಬಂದು ಸಂಗತಿ ತಿಳಿದು, ಸಂತೋಷಪಟ್ಟು, ಈಗ ಅತ್ತೆಯನ್ನು ಕೆಳಗಿಳಿಸುವುದು ಹೇಗೆ ಎಂದು ತಲೆ ಕೆರೆದುಕೊಂಡ. ಅದನ್ನು ಯಾರೂ ಯೋಚಿಸಿರಲಿಲ್ಲ. ಹಾತೂನ್ ಯೋಚಿಸಿದ್ದಳು.

"ಇಳಿಯೋದ್ಯಾಕೆ? ಹಬ್ಬ ಮುಗಿಯೋ ತನಕ ಇಲ್ಲೇ ಇರ್ತೀನಿ. ಇದು ಇರೋಕೆ ತಾನೇ ಕಟ್ಟಿರೋದು? ಓರ್ನಾ, ಎರಡು ಹಾಸಿಗೆ ಹಾಕಮ್ಮ. ನೀನು ಹೋಗಿ ನನ್ ದಿಂಬು, ಮಾತ್ರೆ ತಗೊಂಡ್ ಬಾ. ಕುಬ್ಬೆ ಪಾತ್ರೇನೂ ತಾ."

ಝಕ್ಕಾಯ್ ಕೆಳಗಿಳಿದ. ದಿಂಬುಗಳನ್ನು ಕಂಕುಳಲ್ಲಿ ಇರುಕಿಕೊಂಡು, ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು, ಪಾತ್ರೆಯನ್ನು ಕೈಯಲ್ಲಿ ಹಿಡಿದು ಮನೆಯೊಳಗೆ ಒಮ್ಮೆ ಸುತ್ತ ನೋಡಿದ. ಬಿರುಕಿಲ್ಲದ ಗೋಡೆ, ಬಿರುಕಿಲ್ಲದ ಸೂರು. ದೀಪ ಆರಿಸಿದ. ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿ, ಹೆಂಡತಿ ಇದ್ದ ಕಡೆಗೆ ಮೆಟ್ಟಿಲು ಹತ್ತಿದ.